ಸೇತುವೆ ದಾಟಿದ ಮೇಲೆ ಹೇಳ್ತೀನಿ

ನಾನು ವೇಗ ಹೆಚ್ಚಿಸಿಕೊಟ್ಟ ಕಂಪ್ಯೂಟರು ನಾಳೆ ಬರಬೇಕಾದ ಪತ್ರಗಳನ್ನು ಇವತ್ತೇ ತೆರೆದು ತೋರಿಸುತ್ತಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಗುಂಡಿ ಒತ್ತಲೆಂದು ಬೆರಳು ಎತ್ತಿದರೆ ಸಾಕು, ಆ ಬೆರಳು ಕೆಳಗಿಳಿಯುವಷ್ಟರಲ್ಲಿ ಅದು ಚಾಲೂ ಆಗಿ, ಹೇಳಿದ ಕೆಲಸ ಮುಗಿಸಿ, ಮಾಡಲು ಬೇರೇನೂ ಇಲ್ಲದೆ ಆಕಳಿಸುತ್ತಿತ್ತು. ಒಂದು ದಿನ ಅದರ ಫ್ಯಾನಿನ ಗಾಳಿಗೆ ಎದುರು ಮನೆಯ ಮಹಡಿಯಲ್ಲಿ ಒಣಹಾಕಿದ್ದ ಹೊದಿಕೆ ಹಾರಿ ಮೂರನೆಯ ಬೀದಿಯಲ್ಲಿ ಬಿತ್ತು. ಹೊದಿಕೆಯ ಒಡತಿ ಜಗಳಕ್ಕೆ ಬರಲಿಲ್ಲ. ಇಷ್ಟು ಬೇಗ ಒಣಗಿಸಿಕೊಟ್ಟೆಯಲ್ಲಪ್ಪ ಎಂದು ಹರಸಿ ಹೋದಳು.

ಉದ್ಯೋಗದಲ್ಲಿ ನಾನು ಲಿಫ್ಟ್ ಮೆಕ್ಯಾನಿಕ್. ಈ ಊರಿನಲ್ಲಿ ಮೇಲೆ ಹೋದವರೆಲ್ಲ ಕ್ಷೇಮವಾಗಿ ಕೆಳಗೆ ಬಂದಿದ್ದಾರೆಂದರೆ ಅದು ನನ್ನ ಕೈಗುಣ. ಜೊತೆಯ ಮೆಕ್ಯಾನಿಕ್‌ಗಳು ನನ್ನನ್ನು ‘ಅರ್ಧಕ್ಕರ್ಧ’ ಎಂದು ಕರೆಯುತ್ತಾರೆ. ನಾನು ಹೇಳಿದ್ದರಲ್ಲಿ ಅರ್ಧ ಕಳೆದು, ಉಳಿದದ್ದರಲ್ಲಿ ಮತ್ತೆ ಅರ್ಧ ಕಳೆದರೆ ನಿಜ ಸಿಗುತ್ತದಂತೆ. ಅಕ್ಕ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನನ್ನು ಹೆತ್ತವಳಿಗಿಂತ ಹೆಚ್ಚು ಎತ್ತಿ ಆಡಿಸಿದವಳು ಅವಳು. ಒಂದೇ ಮಾತಿನಲ್ಲಿ ‘ಬುರುಡೆರಾಯ’ ಎಂದು ಮುಗಿಸುತ್ತಾಳೆ.

ಕಂಪ್ಯೂಟರು ನನ್ನದಲ್ಲ, ಭಾವನದು. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಮನುಷ್ಯ. ಮಾತನ್ನು ಡೀಸೆಲ್ಲಿನ ಹಾಗೆ ಉಳಿಸುತ್ತಿದ್ದರು. ಬೇಕಾದಷ್ಟೇ, ಏರು ಬಂದಾಗ ಒಂದಿಷ್ಟು ಹೆಚ್ಚು. ಅಕ್ಕ ಬೀದಿ ತುದಿಯ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಮಕ್ಕಳಿಲ್ಲ. ಭಾವನ ಕಾಲಿನ ಶಕ್ತಿ ಹೋಗಿ, ಗೇಟಿನವರೆಗೆ ನಡೆಯುವುದೂ ಆಗದೆ ಹೋದ ಮೇಲೆ, ಅವರು ಮುಂದಿನ ಕೋಣೆಯ ಕಿಟಕಿ ಪಕ್ಕ ಕಂಪ್ಯೂಟರು ಇಡಿಸಿಕೊಂಡರು. ಅದರಲ್ಲೊಂದು ಆಟ. ಇಟ್ಟಿಗೆಯಂಥ ಚೌಕಗಳನ್ನು ಒಂದರ ಮೇಲೊಂದು ಇಟ್ಟು ಮನೆ, ರಸ್ತೆ, ಬೇಕಾದರೆ ಊರನ್ನೇ ಕಟ್ಟಬಹುದು. ಏಳು ತಿಂಗಳು ಭಾವ ಅದನ್ನೇ ಮಾಡಿದರು. ಅಕ್ಕ ಅಂಗಡಿಗೆ ಹೊರಡುವಾಗ ಒಂದು ಬೆರಳಲ್ಲಿ ಟಕ್ ಟಕ್, ಮಧ್ಯಾಹ್ನ ಬಂದಾಗಲೂ ಟಕ್ ಟಕ್. ಹೊತ್ತು ಹೋಗಲಿ ಎಂದು ಆಡುತ್ತಾರೆ ಎಂದುಕೊಂಡಿದ್ದಳು.

ಅವರು ತೀರಿಹೋಗಿ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಧೂಳು ಒರೆಸಲು ಹೋದ ಅಕ್ಕ ಸುಮ್ಮನೆ ಗುಂಡಿ ಒತ್ತಿದಳು. ಊರು ತೆರೆದುಕೊಂಡಿತು. ಊರ ಬಾಗಿಲಲ್ಲಿ ಒಂದು ಬಸ್ ಸ್ಟಾಪು. ಸ್ಟಾಪಿನಲ್ಲಿ ಒಂದು ಮರದ ಫಲಕ. ಆ ಆಟದಲ್ಲಿ ಫಲಕ ನೆಟ್ಟು ಅದರ ಮೇಲೆ ನಾಲ್ಕು ಸಾಲು ಬರೆಯಬಹುದು. ಭಾವ ಬರೆದಿದ್ದರು:

“ಇವಳೇ, ಹತ್ತಿದ್ಯಾ? ಕಂಬಿ ಹಿಡ್ಕೊ. ಹೊರಡ್ತೀನಿ.”

ಮುಂದಿನ ತಿರುವಿನಲ್ಲಿ ಇನ್ನೊಂದು ಫಲಕ. ಅದರ ಮುಂದೆ ಮತ್ತೊಂದು. ಎಷ್ಟಿವೆಯೋ ಯಾರಿಗೆ ಗೊತ್ತು.

ಅಕ್ಕ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ದಿನಕ್ಕೆ ಒಂದೇ ಫಲಕ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ನೂಲಿನ ಎಳೆ ಅಂಟಿದ್ದ ಸೀರೆ ಕೊಡವಿ ಕುರ್ಚಿಯಲ್ಲಿ ಕೂರುವಳು. ಸೂಜಿ ಹಿಡಿದ ಹಾಗೆ ಎರಡು ಬೆರಳಲ್ಲಿ ಮೌಸು ಹಿಡಿಯುವಳು. ಅವತ್ತಿನ ಫಲಕ ಓದಿದ ಮೇಲೆ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ.

“ಅಕ್ಕಾ, ಒಂದೇ ಉಸಿರಿಗೆ ಓಡಿಬಿಡೋಣ. ಹತ್ತು ನಿಮಿಷದಲ್ಲಿ ಇಡೀ ಊರು ಮುಗಿಸ್ತೀನಿ,” ಎಂದೆ.

“ಮುಗಿಸಿ? ಆಮೇಲೆ ನಾನು ಏನು ಮಾಡ್ಲಿ, ನಿನ್ನ ಮುಖ ನೋಡ್ಕೊಂಡು ಕೂರ್ಲಾ?”

ಫಲಕಗಳಲ್ಲಿ ಅಂಥ ದೊಡ್ಡ ವಿಷಯವೇನೂ ಇರಲಿಲ್ಲ. ನಾನಾಗಿದ್ದರೆ ಪ್ರತಿ ಫಲಕದಲ್ಲೂ ಕಲ್ಲು ಕರಗುವಂತೆ ಬರೆಯುತ್ತಿದ್ದೆ. ಭಾವ ಬರೆದದ್ದು ಹೀಗೆ: “ಈ ಮನೆಗೆ ಕಿಟಕಿ ಇಡೋದು ಮರೆತೆ. ಬಯ್ಯಬೇಡ.” “ಇಲ್ಲಿ ಇಳಿಜಾರು, ನಿಧಾನ.” “ಈ ಬೆಂಚು ನಿನ್ನ ಮಂಡಿಗೆ. ಕೂತು ಹೋಗು.” ಒಂದು ದಿನ, “ನೀನು ಹೊಲಿದ ನೀಲಿ ಅಂಗಿ ಚೆನ್ನಾಗಿತ್ತು. ಅವತ್ತು ಹೇಳಲಿಲ್ಲ.” ಅವತ್ತು ಅಕ್ಕ ಮಧ್ಯಾಹ್ನದ ಮೇಲೆ ಅಂಗಡಿ ತೆಗೆಯಲಿಲ್ಲ. ಆ ಅಂಗಿ ಹೊಲಿದು ಹತ್ತೊಂಬತ್ತು ವರ್ಷವಾಗಿತ್ತಂತೆ.

ಇಪ್ಪತ್ತನೆಯ ಫಲಕದ ಹೊತ್ತಿಗೆ ಅವಳು ಒಂದು ಮಾತೆಂದಳು: “ನಡೀತಾ ನಡೀತಾ ಚಿತ್ರ ಆಗಾಗ ತಡವರಿಸುತ್ತೆ ಕಣೋ.” ಅಷ್ಟು ಸಾಕಾಯಿತು ನನಗೆ. ಕುಣಿಯುತ್ತಿದ್ದವನಿಗೆ ಗೆಜ್ಜೆ ಕಟ್ಟಿದ ಹಾಗೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರಿನ ಮಿದುಳಿಗೂ ಅದರ ಮೆಮೊರಿಗೂ ಇಷ್ಟೇ ವೇಗ ಎಂದು ತಯಾರಿಸಿದವರು ಗೊತ್ತು ಮಾಡಿರುತ್ತಾರೆ. ಒಳಗಿನ ಸೆಟ್ಟಿಂಗಿಗೆ ಹೋಗಿ ಅದನ್ನು ಮೀರಿಸಬಹುದು. ಆರು ಜನರ ಲಿಫ್ಟಿನಲ್ಲಿ ಹತ್ತು ಜನರನ್ನು ತುಂಬಿ, ಹಗ್ಗ ಕಡಿಯಲಿಲ್ಲ ನೋಡಿ ಎಂದು ಮೀಸೆ ತಿರುವಿದ ಹಾಗೆ. ನನ್ನ ಉದ್ಯೋಗದಲ್ಲಿ ಹಾಗೆ ಮಾಡಿದರೆ ಕೈಗೆ ಕೋಳ. ಕಂಪ್ಯೂಟರಿನೊಳಗೆ ಕೂತು ಸಾಯುವವರು ಯಾರು? ಏರಿಸಿದೆ. ಓಡಿತು. ಇನ್ನೂ ಏರಿಸಿದೆ. ಅಕ್ಕನ ಊರಿನ ರಸ್ತೆಗಳು ಎಣ್ಣೆ ಸವರಿದಂತೆ ಜಾರಿದವು. ವಾರಕ್ಕೊಮ್ಮೆ ಎಲ್ಲೋ ಒಂದು ಸಲ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ವೇಗದ ಕುದುರೆ ಒಮ್ಮೊಮ್ಮೆ ಕೆನೆಯುವುದಿಲ್ಲವೆ? ನನ್ನ ಕೆಲಸದ ಬಗ್ಗೆ ನಾನು ಎಲ್ಲ ಲಿಫ್ಟುಗಳಲ್ಲೂ, ಎಲ್ಲ ಮಹಡಿಗಳಲ್ಲೂ ಸಾರಿಕೊಂಡು ಬಂದೆ.

ಮೂವತ್ತೇಳನೆಯ ಫಲಕ ಹೊಳೆಯ ದಂಡೆಯಲ್ಲಿತ್ತು. ಮುಂದೆ ಉದ್ದನೆಯ ಕಲ್ಲು ಸೇತುವೆ, ಆಚೆ ದಡದಲ್ಲಿ ಮಂಜಿನೊಳಗೆ ಒಂದಿಷ್ಟು ಗೋಪುರ, ಛಾವಣಿ. ಈಚೆಗಿಂತ ಆಚೆಯ ಊರೇ ದೊಡ್ಡದು ಎಂದು ಅಷ್ಟು ದೂರದಿಂದಲೇ ತಿಳಿಯುತ್ತಿತ್ತು. ಫಲಕದಲ್ಲಿ ಇದ್ದದ್ದು:

“ಇವಳೇ, ನಿನಗೊಂದು ಮಾತು ಹೇಳೋದಿದೆ. ಸೇತುವೆ ದಾಟಿದ ಮೇಲೆ ಹೇಳ್ತೀನಿ.”

ಮರುದಿನ ಅಕ್ಕ ಮಧ್ಯಾಹ್ನದವರೆಗೂ ಕಾಯಲಿಲ್ಲ. ಹನ್ನೊಂದು ಗಂಟೆಗೆ ನನಗೆ ಫೋನು ಬಂತು. ನಾನು ಆಸ್ಪತ್ರೆಯೊಂದರಲ್ಲಿ ಲಿಫ್ಟಿನ ಕೆಳಗಿನ ಹೊಂಡಕ್ಕೆ ಇಳಿದಿದ್ದೆ.

“ಲೋ, ಸೇತುವೆ ಮಧ್ಯ ನಿಂತುಹೋಯ್ತು ಕಣೋ. ಕಿರ್ ಅಂತ ಶಬ್ದ ಬಂತು, ಎಲ್ಲಾ ಕಪ್ಪಾಯ್ತು. ನಾಲ್ಕು ಸಲ ಹೋದೆ. ನಾಲ್ಕು ಸಲಾನೂ ಅಲ್ಲೇ.”

“ಅಲ್ಲಾಡಬೇಡ ಅಕ್ಕಾ, ನಾನು ಬಂದೆ. ನಾನು ಮುಟ್ಟಿದರೆ ಸತ್ತ ಯಂತ್ರ ಎದ್ದು ಕೂರುತ್ತೆ.”

“ಮೊದಲು ನೀನು ಬಾ. ಯಂತ್ರ ಆಮೇಲೆ ಕೂರಲಿ.”

ನಮ್ಮ ಲಿಫ್ಟಿನ ಕೆಲಸದಲ್ಲಿ ಒಂದು ಪದ್ಧತಿ ಇದೆ. ನಿಂತ ಲಿಫ್ಟಿನ ಮುಂದೆ ನಿಂತಾಗ ಸ್ಪ್ಯಾನರು ತೆಗೆಯುವ ಮೊದಲು ಒಂದು ಪ್ರಶ್ನೆ: ಕೊನೆಗೆ ಮುಟ್ಟಿದ್ದು ಏನು, ಮುಟ್ಟಿದ್ದು ಯಾರು? ಅದನ್ನು ಮೊದಲಿದ್ದ ಹಾಗೆ ಮಾಡಿ ನೋಡಿ, ಆಮೇಲೆ ಉಳಿದದ್ದು. ಈ ಪ್ರಶ್ನೆ ಕೇಳಿ ನಾನು ಎಷ್ಟೋ ಕಾವಲುಗಾರರ ಬೆವರಿಳಿಸಿದ್ದೇನೆ. ಅಕ್ಕನ ಮನೆಯಲ್ಲಿ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಉತ್ತರ ನನ್ನ ಮುಖ ಹೊತ್ತುಕೊಂಡು ಎದುರಿಗೆ ನಿಲ್ಲುತ್ತಿತ್ತು.

ಮೊದಲ ದಿನ ಧೂಳು ಎಂದೆ. ಪೆಟ್ಟಿಗೆ ಬಿಚ್ಚಿದರೆ ಫ್ಯಾನುಗಳ ತುಂಬ ಹೊಲಿಗೆಯ ನೂಲು, ಹತ್ತಿಯ ನಾರು. ಹನ್ನೆರಡು ದಿಂಬು ತುಂಬುವಷ್ಟು ಎಂದು ಊರಿಗೆಲ್ಲ ಹೇಳಿದೆ. ಒಂದು ಮುಷ್ಟಿ ಇತ್ತು. ಎರಡನೆಯ ದಿನ ಬಿಸಿ ಎಂದು, ಮಿದುಳಿನ ಚಿಪ್ಪಿನ ಮೇಲೆ ಶಾಖ ಎಳೆಯಲು ಬಳಿದಿದ್ದ ಹಳೆಯ ಪೇಸ್ಟು ಕೆರೆದು ಹೊಸದು ಬಳಿದೆ, ಪಕ್ಕಕ್ಕೆ ಟೇಬಲ್ ಫ್ಯಾನು ಇಟ್ಟೆ. ಮೂರನೆಯ ದಿನ ಮೆಮೊರಿಯ ಎರಡು ಪಟ್ಟಿಗಳನ್ನು ಒಂದೊಂದಾಗಿ ಕಿತ್ತು, ಅದಲು ಬದಲು ಮಾಡಿ ಕೂರಿಸಿದೆ. ಆಮೇಲೆ ಗ್ರಾಫಿಕ್ಸ್ ಕಾರ್ಡು. ಆಮೇಲೆ ವಿದ್ಯುತ್ತಿನ ಡಬ್ಬಿ. ಆಮೇಲೆ ಗೋಡೆಯ ಪ್ಲಗ್ಗು. ಪ್ರತಿ ಸಲ ‘ಸಿಕ್ಕಿಬಿದ್ದ ಕಳ್ಳ!’ ಎಂದು ಕೂಗುತ್ತಿದ್ದೆ. ಪ್ರತಿ ಸಲ ಸೇತುವೆಯ ಮೇಲೆ ಓಡಿಸುತ್ತಿದ್ದೆ. ಹೆಚ್ಚುಕಡಿಮೆ ಪ್ರತಿ ಸಲ ಅದೇ ಜಾಗದಲ್ಲಿ ಕಿರ್ ಎಂದು ಕಪ್ಪಾಗುತ್ತಿತ್ತು.

ಅಕ್ಕ ಹಿಂದೆ ಸ್ಟೂಲಿನ ಮೇಲೆ ಕೂತು ಗುಂಡಿಗೆ ಕಾಜ ಹೊಲಿಯುತ್ತಿದ್ದಳು.

“ಮೊದಲು ಧೂಳು ಅಂದೆ, ಆಮೇಲೆ ಬಿಸಿ ಅಂದೆ, ಇವತ್ತು ಪ್ಲಗ್ಗು. ನಾಳೆ ನನ್ನ ಕಾಲ್ಗುಣ ಅಂತೀಯಾ?”

“ಅಕ್ಕಾ, ಇದು ಸಾಮಾನ್ಯ ರೋಗ ಅಲ್ಲ. ಪ್ರಪಂಚದಲ್ಲಿ ಮೂರು ಜನಕ್ಕೆ ಮಾತ್ರ ಗೊತ್ತು. ಇಬ್ಬರು ಈಗಿಲ್ಲ.”

“ನನ್ನ ಮಿಷನ್ನಲ್ಲಿ ದಾರ ಪದೇ ಪದೇ ಕಡಿದರೆ ನಾನು ಮೊದಲು ನಿಧಾನ ತುಳೀತೀನಿ. ಸೂಜಿ, ಎಣ್ಣೆ ಎಲ್ಲ ಆಮೇಲೆ. ನೀನು ಏರಿಸಿದ್ಯಲ್ಲ ಸ್ಪೀಡು, ಅದನ್ನ ಒಂದಿಷ್ಟು ಇಳಿಸಿ ನೋಡಬಾರದಾ?”

ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟು ಜೋರಾಗಿ ನಕ್ಕೆ. “ಇದು ಹೊಲಿಗೆ ಮಿಷನ್ನಲ್ಲ ತಾಯಿ. ಇಳಿಸಿದರೆ ಆಮೆ ಆಗುತ್ತೆ. ಈ ಬೀದಿಯಲ್ಲೇ ಇಂಥ ಗಾಡಿ ಇಲ್ಲ ಅಂತ ಹೇಳ್ಕೊಂಡು ತಿರುಗ್ತಿದ್ದೀನಿ, ಮಾನ ಕಳೀಬೇಡ.”

“ಮಾನ ನಿನ್ನದು. ಊರು ಅವರದು,” ಎಂದಳು. ತಲೆ ಎತ್ತಲಿಲ್ಲ. ಮತ್ತೆ ಆ ಮಾತು ಎತ್ತಲೂ ಇಲ್ಲ. ಯಂತ್ರದ ವಿಷಯ ತಮ್ಮನಿಗೆ ಗೊತ್ತು ಎಂದು ನಂಬಿದಳು. ಇಷ್ಟು ವರ್ಷ ನನ್ನ ಒಂದು ಮಾತನ್ನೂ ನಂಬದವಳು ಇದೊಂದನ್ನು ನಂಬಿದಳು.

ಹನ್ನೊಂದನೆಯ ದಿನ, ಅವಳು ಅಂಗಡಿಯಲ್ಲಿದ್ದಾಗ, ಕದ್ದು ಇಳಿಸಿದೆ. ತಯಾರಿಸಿದವರು ಇಟ್ಟಿದ್ದ ವೇಗಕ್ಕೆ. ಬಾಗಿಲು ಹಾಕಿಕೊಂಡೆ, ಯಾರಾದರೂ ನೋಡಿಯಾರು ಎಂಬಂತೆ. ಫ್ಯಾನಿನ ಸದ್ದು ತಗ್ಗಿತು. ಊರು ತೆರೆಯಿತು. ಹೊಳೆಯ ದಂಡೆ, ಮೂವತ್ತೇಳನೆಯ ಫಲಕ, ಸೇತುವೆ. ಮಧ್ಯ ದಾಟಿತು. ಆರಲಿಲ್ಲ. ಗೆದ್ದೆ ಎಂದು ಕುರ್ಚಿಯಿಂದ ಎದ್ದೇಬಿಟ್ಟೆ.

ಎದ್ದವನು ಹಾಗೇ ನಿಂತೆ. ಸೇತುವೆ ಮುಂದೆ ಇರಲಿಲ್ಲ. ಅಕ್ಕನ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರ ಗೆರೆಗೆ ಕಡಿದುಹೋಗಿತ್ತು. ಅದರಾಚೆ ಹುಲ್ಲು. ಗೋಪುರವಿಲ್ಲ, ಛಾವಣಿಯಿಲ್ಲ, ರಸ್ತೆಯಿಲ್ಲ. ಯಾರೂ ಮುಟ್ಟದ ಗುಡ್ಡ, ಎರಡು ಮರ, ಮೇಯುತ್ತಿದ್ದ ಒಂದು ಕುರಿ.

ಏನಾಗಿತ್ತೆಂದರೆ, ಆಟ ಕೆಲವು ನಿಮಿಷಕ್ಕೊಮ್ಮೆ ಊರನ್ನು ತಾನಾಗಿ ಬರೆದಿಡುತ್ತದೆ. ಮಿತಿ ಮೀರಿ ಓಡುತ್ತಿದ್ದ ಮೆಮೊರಿ ಬರೆಯಬೇಕಾದದ್ದನ್ನು ತಪ್ಪಾಗಿ ಬರೆಯುತ್ತಿತ್ತು, ಬರೆಯುತ್ತಿರುವಾಗಲೇ ಯಂತ್ರ ಆರುತ್ತಿತ್ತು. ಆಚೆ ದಡದಲ್ಲಿ ಭಾವ ಕಟ್ಟಿದ್ದು ಬಹಳ. ಅದನ್ನೆಲ್ಲ ಒಟ್ಟಿಗೆ ಎತ್ತಿಕೊಳ್ಳುವಾಗಲೇ ಕುಸಿತ. ಹನ್ನೊಂದು ದಿನ ನಾನು ಅದನ್ನು ಮತ್ತೆ ಮತ್ತೆ ಅದೇ ಸೇತುವೆಗೆ ಅಟ್ಟಿದ್ದೆ. ಒಂದೊಂದು ಸಲವೂ ಒಂದೊಂದು ಬೀದಿ ಅಳಿಸಿತ್ತು. ಓದಲಾಗದ ಭಾಗವನ್ನು ಆಟ ಬಿಸಾಡಿ, ಪಾಪ, ಖಾಲಿ ಇರಬಾರದೆಂದು ಹೊಸ ನೆಲ ಹಾಸಿತ್ತು. ಊರಿನ ಇನ್ನೊಂದು ನಕಲು? ಭಾವ ಇಟ್ಟಿರಲಿಲ್ಲ. ನಾನು, ಸ್ಕ್ರೂ ಬಿಚ್ಚುವ ಮೊದಲು ಮಾಡಬೇಕಾದ ಆ ಒಂದು ಕೆಲಸವನ್ನು, ಮಾಡಿರಲಿಲ್ಲ. ಪೆಟ್ಟಿಗೆಯ ಮೂಲೆಮೂಲೆ ಜಾಲಾಡಿದೆ. ಕುರಿ ಮೇಯುತ್ತಲೇ ಇತ್ತು.

ಸಂಜೆ ಅಕ್ಕನಿಗೆ, ಒಂದು ಬಿಡಿಭಾಗ ತರಿಸಬೇಕು, ಹತ್ತು ದಿನ ಇದನ್ನು ಮುಟ್ಟಬೇಡ ಎಂದೆ. ಕೆಲಸದ ಕಡೆ ಜ್ವರ ಎಂದು ಹೇಳಿ ರಜೆ ಹಾಕಿದೆ. ದಿನಾ ಅವಳು ಅಂಗಡಿಗೆ ಹೋದ ಮೇಲೆ ಬಂದು, ಅವಳು ಬರುವ ಮೊದಲು ಎದ್ದು, ಹತ್ತು ದಿನದಲ್ಲಿ ಹೊಳೆಯಾಚೆ ಒಂದು ಊರು ಕಟ್ಟಿದೆ. ಭಾವ ಏಳು ತಿಂಗಳು ತೆಗೆದುಕೊಂಡಿದ್ದನ್ನು ನಾನು ಹತ್ತು ದಿನದಲ್ಲಿ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ, ಅದೊಂದು ಸಂಕಟ. ಹದಿನಾಲ್ಕು ಫಲಕ ನೆಟ್ಟೆ. ಬರೆಯುವುದೇ ಕಷ್ಟವಾಯಿತು. ಇಳಿಜಾರು, ತಿರುವು, ಬೆಂಚು ಎಲ್ಲ ಬಂತು. ಆ ಒಂದು ಮಾತು ಮಾತ್ರ, ಸೇತುವೆ ದಾಟಿದ ಮೇಲೆ ಹೇಳ್ತೀನಿ ಅಂದದ್ದು, ಏನಿರಬಹುದು? ಮೂರು ದಿನ ಆ ಖಾಲಿ ಫಲಕದ ಮುಂದೆ ಕೂತೆ. ಕೊನೆಗೆ ನನಗೆ ಬರುವುದನ್ನೇ ಬರೆದೆ: “ಇವಳೇ, ದಾಟಿದ್ಯಾ? ಸಾವಿರ ಊರು ಸುತ್ತಿದ್ದೀನಿ. ನೀನಿದ್ದ ಮನೆಯಂಥ ಊರು ಇನ್ನೊಂದಿಲ್ಲ.”

ಹತ್ತು ದಿನ ಮುಗಿದ ಮಧ್ಯಾಹ್ನ ಅಕ್ಕ ಕೂತಳು. ಸೇತುವೆ ದಾಟಿದಳು. ಓದಿದಳು. ಬಹಳ ಹೊತ್ತು ನೋಡಿದಳು. “ಸರಿ,” ಎಂದು ಕಂಪ್ಯೂಟರು ಆರಿಸಿ, ಅಡುಗೆಮನೆಗೆ ಹೋಗಿ ನನಗೆ ಚಹಾ ಮಾಡಿಕೊಟ್ಟಳು. ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು. ನನಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನೆ ಕೂರಬೇಡವೆ? ಹದಿನಾಲ್ಕರಲ್ಲಿ ಒಂದೇ ಒಂದು, ಬರೀ ಒಂದು, ನನಗೆಂದು ಇಟ್ಟುಕೊಂಡಿದ್ದೆ. ಅದು ಐದನೆಯ ದಿನ ಬಂತು.

“ನಿನ್ನ ತಮ್ಮನನ್ನು ಬಯ್ಯಬೇಡ. ಅವನ ಕೈಯಲ್ಲಿ ಚಿನ್ನ ಇದೆ. ಅಂಥ ಮೆಕ್ಯಾನಿಕ್ ಏಳು ಲೋಕ ಹುಡುಕಿದರೂ ಸಿಗಲ್ಲ.”

ಅಕ್ಕ ನಕ್ಕಳು. ಭಾವ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕುವಷ್ಟು ನಕ್ಕಳು. ನಾನೂ ಜೊತೆಗೂಡಿದೆ. ನಗು ಅವಳಲ್ಲಿ ನಿಂತ ಮೇಲೂ ನನ್ನದು ಸ್ವಲ್ಪ ದೂರ ಓಡಿತು.

“ಇಪ್ಪತ್ತೊಂಬತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದೀನಿ,” ಎಂದಳು. “ನಿನ್ನ ಒಂದ್ಸಲ ಹೊಗಳಿದ್ದು ತೋರಿಸು.”

“ಒಳಗೊಳಗೇ ಇತ್ತು ಅಕ್ಕಾ. ನನ್ನ ಮುಂದೆ ಹೇಳ್ತಿದ್ರು.”

“ಮೊದಲನೇದೇ ಅವರದಲ್ಲ. ಸಾವಿರ ಊರಂತೆ. ಅವರ ರೂಟಲ್ಲಿ ಇದ್ದದ್ದು ಇಪ್ಪತ್ತಮೂರು ಸ್ಟಾಪು. ಅವರಾಗಿದ್ರೆ ಇಪ್ಪತ್ತಮೂರು ಅಂತಲೇ ಬರೀತಿದ್ರು.”

“ಮತ್ತೆ ಐದು ದಿನ ಯಾಕೆ ಸುಮ್ಮನಿದ್ದೆ?”

“ಮುಂದೆ ಎಲ್ಲಾದ್ರೂ ಅವರದು ಬರಬಹುದು ಅಂತ.” ಮೌಸು ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡಳು. “ಅವರದು ಎಲ್ಲಿ?”

ನಾಲಿಗೆಯ ತುದಿಯಲ್ಲಿ ಎಂಟು ಸುಳ್ಳು ಸಾಲುಗಟ್ಟಿ ನಿಂತಿದ್ದವು. ಆಟದ ಕಂಪನಿಯವರ ತಪ್ಪು. ಕರೆಂಟಿನ ಏರಿಳಿತ. ಭಾವ ಅದನ್ನು ಕಟ್ಟಿಯೇ ಇರಲಿಲ್ಲ. ಒಂದೊಂದೂ ಹಾಡುವಷ್ಟು ಚೆನ್ನಾಗಿತ್ತು.

“ಇಲ್ಲ ಅಕ್ಕಾ,” ಎಂದೆ. “ಹೋಯ್ತು. ನಾನು ಏರಿಸಿದ ಸ್ಪೀಡಿನಿಂದ ಹೋಯ್ತು. ನೀನು ಇಳಿಸು ಅಂದ ದಿನವೇ ಇಳಿಸಿದ್ರೆ ಅರ್ಧವಾದರೂ ಉಳೀತಿತ್ತು. ನಕ್ಕುಬಿಟ್ಟೆ.”

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅಕ್ಕ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕಿಟಕಿಯ ಕಡೆ ನೋಡುತ್ತ ಕೇಳಿದಳು:

“ಅಷ್ಟು ಸಲ ಓಡಿಸಿದ್ಯಲ್ಲ. ನೀನಾದರೂ ನೋಡಿದ್ಯಾ? ಒಂದಾದರೂ?”

ಇಲ್ಲ ಎನ್ನಬಹುದಿತ್ತು. ಅದು ಸುಲಭ. ನೋಡಿದೆ, ಹೀಗೆ ಬರೆದಿದ್ದರು ಎಂದೂ ಹೇಳಬಹುದಿತ್ತು. ಈ ಸಲ ಇಪ್ಪತ್ತಮೂರು ಎಂದೇ ಹೇಳುತ್ತಿದ್ದೆ, ಅವಳು ನಂಬುತ್ತಿದ್ದಳೋ ಏನೋ.

“ನಾಲ್ಕನೇ ದಿನ ಒಂದ್ಸಲ ದಾಟಿತ್ತು,” ಎಂದೆ. “ನೀನು ಅಂಗಡಿಯಲ್ಲಿದ್ದೆ. ಸೇತುವೆ ಇಳಿದ ತಕ್ಷಣ ಬಲಗಡೆ ಫಲಕ ಇತ್ತು. ಅದರ ಮುಂದೇನೇ ನಿಂತಿದ್ದೆ ಅಕ್ಕಾ. ಅರ್ಧ ನಿಮಿಷ ಇದ್ದಿರಬೇಕು, ಆಮೇಲೆ ಕಪ್ಪಾಯ್ತು. ನಾಲ್ಕೂ ಸಾಲು ತುಂಬ ಬರೆದಿತ್ತು. ನಾನು ಓದಲಿಲ್ಲ. ಪರದೆಯ ಮೂಲೆಯಲ್ಲಿ ವೇಗ ಎಷ್ಟಿದೆ ಅಂತ ಒಂದು ಅಂಕಿ ಬರುತ್ತೆ. ನಾನು ಅದನ್ನ ನೋಡ್ತಿದ್ದೆ.”